ಕಡಲ ಎದುರು ತೊಟ್ಟಿಲು ಹೂಡಿದವರು

ಕಾರವಾರದಲ್ಲಿ ಹೆದ್ದಾರಿ ದಾಟಿದರೆ ಸಮುದ್ರ. ಅಂಗಡಿ ಬೀದಿ, ಹೆದ್ದಾರಿ, ಗಾಳಿಮರದ ಸಾಲು, ಮರಳು ಇಷ್ಟನ್ನೂ ಒಂದು ಬೀಡಿ ಮುಗಿಯುವುದರೊಳಗೆ ದಾಟಿಬಿಡಬಹುದು. ಇಂಥ ಊರಿನಲ್ಲಿ ಮಕ್ಕಳಿಗೆ ಬೇರೆ ಆಟ ಯಾಕೆ ಬೇಕು ಎಂದು ಘಟ್ಟದ ಮೇಲಿನ ನೆಂಟರು ಕೇಳುವುದುಂಟು. ಅವರು ಬಂದವರೇ ಚೀಲ ಇಟ್ಟು, ಕೊಟ್ಟ ಚಹಾ ಆರುವುದಕ್ಕೆ ಬಿಟ್ಟು, ಪ್ಯಾಂಟು ಮಡಚಿಕೊಂಡು ನೀರಿಗೆ ಓಡುತ್ತಾರೆ. ನಮ್ಮ ಮಕ್ಕಳೋ, ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಪುಗ್ಗೆ ಮಾರುವವನ ಕಡೆ ಕೈ ಮಾಡಿ ಅಳುತ್ತವೆ. ಸಮುದ್ರವೆಂದರೆ ಅವಕ್ಕೆ ಹಗಲೂ ರಾತ್ರಿ ಗೊರಕೆ ಹೊಡೆಯುವ ಪಕ್ಕದ ಮನೆಯ ಅಜ್ಜನಿದ್ದ ಹಾಗೆ. ಅಜ್ಜನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅಜ್ಜನನ್ನು ನೋಡಲು ಯಾರೂ ಟಿಕೆಟು ತೆಗೆಸುವುದಿಲ್ಲ.

ಹಾಗಾಗಿ ಕಾರವಾರದ ದಂಡೆಯ ಮೇಲೆ ಕಾಲಕಾಲಕ್ಕೆ ಏನೇನೋ ಬಂದು ಕೂತಿವೆ. ಮಕ್ಕಳ ಉದ್ಯಾನ ಬಂತು, ಜಾರುಬಂಡಿ ಬಂತು, ಹಾಡಿಗೆ ಕುಣಿಯುವ ಕಾರಂಜಿ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಮೀನು ತೋರಿಸುವ ಮತ್ಸ್ಯಾಲಯವೂ ಬಂತು. ಬೆಳಗಾದರೆ ಬುಟ್ಟಿಯ ಮೀನಿನ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುವ ಜನಕ್ಕೆ ಅದನ್ನೇ ಗಾಜಿನ ಹಿಂದಿಟ್ಟು ತೋರಿಸುವುದಕ್ಕೆ ಒಂದು ಧೈರ್ಯ ಬೇಕು. ಮತ್ಸ್ಯಾಲಯದಿಂದ ಹೊರಬಂದ ಗೃಹಿಣಿಯೊಬ್ಬರು ಒಳಗಿನ ಮೀನುಗಳ ಬಗ್ಗೆ ಹೇಳಿದ್ದು ಒಂದೇ ಮಾತು: ಬಣ್ಣ ಚಂದ, ಆದರೆ ಸಾರಿಗೆ ಆಗುವಂಥದ್ದು ಒಂದೂ ಇಲ್ಲ. ಆಮೇಲೆ ಕಲ್ಲು, ಸಿಮೆಂಟಿನಲ್ಲಿ ಜಿಲ್ಲೆಯ ಜನಜೀವನವನ್ನು ನಿಲ್ಲಿಸಿದ ರಾಕ್ ಗಾರ್ಡನ್ ಬಂತು. ಇವುಗಳ ನಡುವೆ ಎಲ್ಲೋ ಒಂದು ಕಡೆ ಪುಟಾಣಿ ರೈಲೂ ಬಂತು.

ಈ ಪುಟಾಣಿ ರೈಲಿನ ಬಗ್ಗೆ ನನಗೆ ವಿಶೇಷ ಗೌರವ. ಕಾರವಾರಕ್ಕೆ ರೈಲು ಬರುತ್ತದೆ ಎಂಬ ಮಾತು ಹತ್ತಿಯ ಮೂಟೆಗಳು ಈ ಬಂದರಿಗೆ ಬರುತ್ತಿದ್ದ ಕಾಲದ್ದು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಧಾರವಾಡ ಸೀಮೆಯ ಹತ್ತಿಗೆ ಇದೇ ಬಾಗಿಲೆಂದು ಸಾಹೇಬರು ನಕಾಶೆ ಬರೆದರು. ರೈಲು ಮಾತ್ರ ಬೇರೆ ಕಡೆ ಹೋಯಿತು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲನ್ನು ಕಾಗದದ ಮೇಲೆ ನೋಡುತ್ತಲೇ ಒಂದು ತಲೆಮಾರಿಗೆ ಕನ್ನಡಕ ಬಂದಿದೆ. ಇಂಥ ಊರಿನಲ್ಲಿ ಯಾವ ಹೋರಾಟ ಸಮಿತಿಯೂ ಇಲ್ಲದೆ, ಯಾವ ಅರಣ್ಯದ ತಕರಾರೂ ಇಲ್ಲದೆ ಕೂ ಎಂದು ಓಡಿದ ರೈಲು ಇದೊಂದೇ. ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು ಎನ್ನುವುದು ನಿಜ. ಆದರೆ ಹೊರಡುತ್ತಿತ್ತಲ್ಲ!

ಅದಕ್ಕೂ ಉಳಿದ ಆಟಿಕೆಗಳಿಗೂ ಶತ್ರು ಒಬ್ಬನೇ: ಉಪ್ಪುಗಾಳಿ. ಸಮುದ್ರದ ಗಾಳಿಯಲ್ಲಿ ಉಪ್ಪಿನ ಕಣ ಇರುತ್ತದೆ. ಅದು ಕಬ್ಬಿಣದ ಮೇಲೆ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಳೆದುಕೊಂಡದ್ದನ್ನು ಆರಲು ಬಿಡುವುದಿಲ್ಲ. ಬಣ್ಣದಲ್ಲಿ ಉಗುರಿನಷ್ಟು ಗೀರು ಸಿಕ್ಕರೆ ಸಾಕು, ಒಳಗೆ ನುಗ್ಗಿ ಕೂರುತ್ತದೆ. ಮೇಲಿನ ಬಣ್ಣ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗೆ ಕಬ್ಬಿಣ ಪುಡಿಯಾಗುತ್ತಿರುತ್ತದೆ. ಕಿಟಕಿಯ ಸರಳು, ಸೈಕಲ್ಲಿನ ಚೈನು, ಗೇಟಿನ ಅಗಳಿ ಎಲ್ಲದಕ್ಕೂ ಇಲ್ಲಿ ಆಯುಷ್ಯ ಕಡಿಮೆ. ಅಂಕೋಲೆಯವರು 1930ರ ಏಪ್ರಿಲ್ 13ರಂದು ಇದೇ ಸಮುದ್ರದಿಂದ ಉಪ್ಪು ತೆಗೆದು ಬ್ರಿಟಿಷ್ ಸರಕಾರವನ್ನು ಅಲ್ಲಾಡಿಸಿದವರು. ಒಂದು ಸಾಮ್ರಾಜ್ಯವನ್ನೇ ಅಲ್ಲಾಡಿಸಿದ ಉಪ್ಪಿಗೆ ಜೋಕಾಲಿಯ ಬೋಲ್ಟು ಯಾವ ಲೆಕ್ಕ?

ಮೇಲಿಂದ ಮಳೆ. ಮಿರ್ಗ ಹಿಡಿಯಿತೆಂದರೆ ದಂಡೆಯ ಕೆಲಸವೆಲ್ಲ ಬಂದ್. ಜೂನ್ ಮೊದಲ ದಿನದಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯುವಂತಿಲ್ಲ. ಮೀನುಗಾರರೇ ಬಲೆ ಹೆಣೆಯುತ್ತ ಕೂರುವ ದಿನಗಳಲ್ಲಿ ತಿರುಗುವ ಕುದುರೆಯ ಮೇಲೆ ಯಾರು ಕೂರುತ್ತಾರೆ? ಕುದುರೆ ನೆನೆಯುತ್ತ ನಿಂತೇ ಇರುತ್ತದೆ. ಮಳೆ ಬಿಟ್ಟ ಮೇಲೆ ಅದರ ಒಂದು ಕಿವಿ ಇರುವುದಿಲ್ಲ. ಮುಂದಿನ ವರ್ಷ ಬಾಲ.

ಇದನ್ನೆಲ್ಲ ಸರಿಯಾಗಿ ಅರ್ಥಮಾಡಿಕೊಂಡವನು ಜಾತ್ರೆಯ ತೊಟ್ಟಿಲಿನವನು. ಅವನು ದಂಡೆಯ ಮೇಲೆ ಏನನ್ನೂ ನೆಡುವುದಿಲ್ಲ, ಬರೀ ಹೂಡುತ್ತಾನೆ. ಮಳೆ ಹೋದ ಮೇಲೆ ಬರುತ್ತಾನೆ, ಮಳೆಗೆ ಮುಂಚೆ ಹೋಗುತ್ತಾನೆ. ಉತ್ತರ ಕನ್ನಡಕ್ಕೆ ಅಮ್ಯೂಸ್‌ಮೆಂಟ್ ಪಾರ್ಕ್ ಇಲ್ಲ ಎಂದು ಮರುಗುವವರು ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹೋಗಿ ನೋಡಬೇಕು. ಆಕಾಶದೆತ್ತರದ ತೊಟ್ಟಿಲು, ಎರಡೂ ಬದಿಗೆ ತೂಗುವ ಕೊಲಂಬಸ್ ಹಡಗು, ಹತ್ತಿದವರ ಹೊಟ್ಟೆಯನ್ನು ಬೇರೆ ದಿಕ್ಕಿಗೆ ಕಳಿಸುವ ಬ್ರೇಕ್ ಡಾನ್ಸ್, ಹಲಗೆಯ ಬಾವಿಯೊಳಗೆ ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವವರು. ಅಂಕೋಲೆಯವರು ದೇವಿಮನೆ ಘಟ್ಟ ಹತ್ತಿ ಅಲ್ಲಿಗೆ ಹೋಗುತ್ತಾರೆ. ಘಟ್ಟದ ತಿರುವುಗಳಲ್ಲೇ ಅರ್ಧ ಬಸ್ಸಿಗೆ ತಲೆ ತಿರುಗಿರುತ್ತದೆ. ಉಳಿದ ಅರ್ಧಕ್ಕೆ ತೊಟ್ಟಿಲು ಸಾಕು.

ತೊಟ್ಟಿಲು ಹೂಡುವುದನ್ನು ನೋಡುವುದು ಅದನ್ನು ಹತ್ತುವುದಕ್ಕಿಂತ ಹೆಚ್ಚು ಸ್ವಾರಸ್ಯದ್ದು, ಕಡಿಮೆ ಖರ್ಚಿನದ್ದು. ಲಾರಿಯಿಂದ ಕಬ್ಬಿಣದ ತುಂಡುಗಳು ಇಳಿಯುತ್ತವೆ. ನೆಲಕ್ಕೆ ಮರದ ದಿಮ್ಮಿ ಹಾಸುತ್ತಾರೆ. ಎರಡು ಕಾಲು ನಿಲ್ಲಿಸಿ, ನಡುವೆ ಗುಂಬ ಕೂರಿಸಿ, ಅದಕ್ಕೆ ಒಂದೊಂದೇ ಅರವನ್ನು ಸೇರಿಸುತ್ತಾರೆ. ಯಾವ ತುಂಡು ಯಾವುದಕ್ಕೆ ಎಂದು ಬರೆದಿಟ್ಟ ಕಾಗದ ಎಲ್ಲೂ ಕಾಣುವುದಿಲ್ಲ. ಹುಡುಗರ ಕೈಗೆ ಗೊತ್ತಿರುತ್ತದೆ. ಆಟ ಶುರುವಾದ ಮೇಲಿನ ಜಾಣ್ಮೆ ಬೇರೆ. ತೊಟ್ಟಿಲು ತುಂಬಿಸುವಾಗ ತೂಕ ಎದುರು ಬದುರು ಸರಿಹೋಗಬೇಕು. ಒಂದು ಬದಿಗೆ ಮೀನುಪೇಟೆಯ ಮೂರು ಹೆಂಗಸರು ಹತ್ತಿದರೆ ಎದುರು ಬದಿಗೆ ಕಾಲೇಜಿನ ನಾಲ್ಕೈದು ಹುಡುಗರು ಬೇಕು. ಗೇಟಿನಲ್ಲಿ ನಿಂತವನು ಸಾಲಿನ ಮೇಲೊಮ್ಮೆ ಕಣ್ಣು ಹಾಯಿಸಿ, ನೀವು ಬನ್ನಿ, ನೀವು ತಡೆಯಿರಿ ಎನ್ನುತ್ತಾನೆ. ತಡೆಯಿರಿ ಎನ್ನಿಸಿಕೊಂಡವರು ತಮ್ಮ ತೂಕದ ಬಗ್ಗೆ ಯಾವ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಯೋಚನೆ ಮಾಡುತ್ತಾರೆ.

ಅಂಕೋಲೆಯ ಬಂಡಿಹಬ್ಬ ವೈಶಾಖದ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ಭೂಮಿತಾಯಿ ಶಾಂತಾದುರ್ಗೆಯ ಹಬ್ಬ. ಬಿಸಿಲು, ಬೆವರು, ಕರಿ ಇಶಾಡು ಮಾವಿನ ಹಣ್ಣು, ಬೆಲ್ಲದ ಖಾಜೆ, ಪರವೂರಿನಿಂದ ಬಂದ ಮಗಳು ಅಳಿಯ, ಇವಿಷ್ಟೂ ಒಟ್ಟಿಗೆ ಸೇರುವ ದಿನಗಳು. ಅಂಥ ಒಂದು ಹಬ್ಬದಲ್ಲಿ ನಮ್ಮ ಅತ್ತೆಯನ್ನು ತೊಟ್ಟಿಲು ಹತ್ತಿಸಿದ್ದು ನಾನು. ಅತ್ತೆ ತೆಂಗಿನ ಮರದಷ್ಟು ಗಟ್ಟಿಯ ಹೆಂಗಸು. ಹಾವು ಕಂಡರೆ ಹಾವೇ ದಾರಿ ಬಿಡಬೇಕು. “ತಾಯಿ ಹಬ್ಬದಾಗೆ ಹೆದ್ರೂಕೆ ಎಂತ ಅದೆ?” ಎಂದು ಸೆರಗು ಸಿಕ್ಕಿಸಿಕೊಂಡು ಕೂತರು. ಮೊದಲ ಸುತ್ತಿನಲ್ಲಿ ಊರು ಕಂಡಿತು, ಗದ್ದೆ ಕಂಡಿತು, ದೂರದಲ್ಲಿ ಸಮುದ್ರದ ಗೆರೆ ಕಂಡಿತು. ಎರಡನೆಯ ಸುತ್ತಿನಲ್ಲಿ ಅತ್ತೆ ಕಣ್ಣು ಮುಚ್ಚಿದರು. ಮೂರನೆಯದರಲ್ಲಿ ನನ್ನ ಮಣಿಕಟ್ಟು ಹಿಡಿದು, “ಸಾಕಾ ತಮಾ, ಇಳ್ಸೂಕೆ ಹೇಳಾ” ಎಂದರು. ಕೆಳಗಿನವನಿಗೆ ಕೇಳಿದರೆ ತಾನೆ? ಅವನ ಪಕ್ಕದಲ್ಲಿ ಜನರೇಟರು, ಜನರೇಟರಿನ ಮೇಲೆ ಸ್ಪೀಕರು. ಇಳಿಯುವ ಹೊತ್ತಿಗೆ ಅತ್ತೆ ಶಾಂತಾದುರ್ಗೆಗೆ ಒಂದು ಸೀರೆ, ಗಣಪತಿಗೆ ಐದು ಕಾಯಿ, ಇಡಗುಂಜಿಗೆ ಒಂದು ಪ್ರಯಾಣ ಹೇಳಿಕೊಂಡಿದ್ದರು. ಎಲ್ಲವನ್ನೂ ನನ್ನ ಖರ್ಚಿನಲ್ಲಿ ತೀರಿಸಿದರು.

ಅತ್ತೆಯ ಆ ಕೂಗಿಗೆ ನಾಲ್ಕು ನೂರು ವರ್ಷದ ಹಿರಿಯ ಸಾಕ್ಷಿಯೊಂದಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಶ್ರೀಮಂತ 1615ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಬರೆದ ಓಲೆಯೊಂದರಲ್ಲಿ ರಂಜಾನಿನ ಸಂಭ್ರಮವನ್ನು ವರ್ಣಿಸಿದ್ದಾನೆ. ಅಲ್ಲಿ ಜನರನ್ನು ಮೇಲೆ ಕೆಳಗೆ ಸುತ್ತಿಸುವ ದೊಡ್ಡ ಚಕ್ರವೊಂದಿತ್ತು. ಇವನು ಹತ್ತಿದ, ಬಲು ಹಿಗ್ಗಿದ. ಆದರೆ ಹತ್ತಿರ ಕೂತಿದ್ದ ಗ್ರೀಕನೊಬ್ಬನಿಗೆ ತಡೆಯಲಾಗದೆ ಸಾಕು, ಸಾಕು ಎಂದು ಕೂಗಿಕೊಂಡನಂತೆ. ಯುರೋಪಿನವರ ಕಣ್ಣಿಗೆ ಬಿದ್ದ ತೊಟ್ಟಿಲುಗಳ ವರ್ಣನೆಗಳಲ್ಲಿ ಇದು ಬಹಳ ಹಳೆಯದು.

ಇದರಲ್ಲಿ ನಮ್ಮೂರಿಗೆ ಏನು ಸಂಬಂಧ? ಇದೆ. ಈ ದೆಲ್ಲಾ ವಾಲ್ಲೆ ಎಂಟು ವರ್ಷದ ಮೇಲೆ, 1623ರಲ್ಲಿ, ಗೋವೆಯ ಪೋರ್ಚುಗೀಸ್ ರಾಯಭಾರಿಯ ಜತೆ ಹಡಗು ಹತ್ತಿ ಹೊನ್ನಾವರಕ್ಕೆ ಬಂದ. ಗೋವೆಯಿಂದ ಹೊನ್ನಾವರಕ್ಕೆ ಹೋಗುವ ಹಡಗು ನಮ್ಮ ಅಂಜುದೀವಿಯನ್ನೂ ಕಾರವಾರದ ಗುಡ್ಡಗಳನ್ನೂ ಅಂಕೋಲೆಯ ದಂಡೆಯನ್ನೂ ದಾಟದೆ ಹೋಗುವಂತಿಲ್ಲ. ಅಲ್ಲಿಂದ ಗೇರುಸೊಪ್ಪೆ, ಘಟ್ಟ, ಇಕ್ಕೇರಿಯ ವೆಂಕಟಪ್ಪ ನಾಯಕನ ದರಬಾರು. ದಾರಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳುತ್ತ ಬೆರಳಿನಲ್ಲಿ ಲೆಕ್ಕ ಬರೆಯುವುದನ್ನು ನಿಂತು ನೋಡಿ ಬರೆದಿಟ್ಟ. ಮನುಷ್ಯನೇ ವಿಚಿತ್ರದವನು. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯನ್ನು ಮಣ್ಣು ಮಾಡಲು ಮನಸ್ಸಾಗದೆ, ಆಕೆಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಜತೆಗೆ ಸಾಗಿಸಿ ಕೊನೆಗೆ ರೋಮಿಗೇ ಒಯ್ದವನು. ಅಂಥವನು ತೊಟ್ಟಿಲಿನ ಮೇಲೆ ಹಿಗ್ಗಿದ್ದು ಮದುವೆಗೂ ಮುಂಚಿನ ಮಾತು ಎಂದು ನೆನೆದರೆ ಯಾಕೋ ಮನಸ್ಸಿಗೆ ಕಷ್ಟವಾಗುತ್ತದೆ.

ಇನ್ನೊಬ್ಬ ಇಂಗ್ಲಿಷಿನವನು, ಪೀಟರ್ ಮಂಡಿ. 1620ರಲ್ಲಿ ಈಗಿನ ಬಲ್ಗೇರಿಯಾದ ಪ್ಲೋವ್ಡಿವ್ ಪಟ್ಟಣದಲ್ಲಿ ಹಬ್ಬದ ಜೋಕಾಲಿಗಳನ್ನು ಕಂಡು ಬರೆದಿಟ್ಟ: ಹಗ್ಗದ ಉಯ್ಯಾಲೆ, ಅಡ್ಡಡ್ಡ ತಿರುಗುವ ಚಕ್ರ, ಉದ್ದುದ್ದ ತಿರುಗುವ ಚಕ್ರ. ಕೈಯಿಂದಲೇ ತಿರುಗಿಸುತ್ತಿದ್ದರಂತೆ. ಇವನೂ 1637ರಲ್ಲಿ ವೆಡ್ಡೆಲ್ ಎಂಬ ನಾವಿಕನ ಹಡಗುಗಳ ಜತೆ ಭಟ್ಕಳಕ್ಕೆ ಬಂದಿಳಿದು, ಇಕ್ಕೇರಿಯ ವೀರಭದ್ರ ನಾಯಕನನ್ನು ನೋಡಲು ಘಟ್ಟ ಹತ್ತಿದ. ಆ ಹಡಗುಗಳನ್ನು ಕಳಿಸಿದ ಕೋರ್ಟೀನ್ ಕಂಪನಿ ಮರುವರ್ಷ ಕಾರವಾರದಲ್ಲಿ ಕೋಠಿ ತೆರೆಯಿತು. ಜಗತ್ತಿನಲ್ಲಿ ತೊಟ್ಟಿಲಿನ ಬಗ್ಗೆ ಬರೆದ ಮೊದಲ ಕೆಲವೇ ಮಂದಿಯಲ್ಲಿ ಇಬ್ಬರು ನಮ್ಮ ಜಿಲ್ಲೆಯ ಬಿಸಿಲಲ್ಲಿ ಬೆವೆತು ಹೋದರು. ಬಂದದ್ದು ಕರಿಮೆಣಸಿಗಾಗಿ, ಅದು ಬೇರೆ ಮಾತು. ಆದರೂ ಇಷ್ಟು ಆಧಾರವಿದ್ದರೆ ಬೇರೆ ಊರಿನವರು ಇಷ್ಟೊತ್ತಿಗೆ ಒಂದು ಸ್ಮಾರಕ ಕಟ್ಟಿ, ಅದರ ಮುಂದೆ ಎಳನೀರಿನ ಗಾಡಿ ನಿಲ್ಲಿಸುತ್ತಿದ್ದರು.

ಹಬ್ಬದ ಜೋಕಾಲಿ ಸಮುದ್ರದ ದಂಡೆಗೆ ಬಂದು ಬೇಲಿ ಹಾಕಿಕೊಂಡು ಕೂತಿದ್ದು ಬಹಳ ತಡವಾಗಿ, ಅದೂ ಇಂಗ್ಲೆಂಡ್, ಅಮೆರಿಕಗಳಲ್ಲಿ. ಜಾರ್ಜ್ ಫೆರಿಸ್ 1893ರಲ್ಲಿ ಶಿಕಾಗೋದಲ್ಲಿ 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿ ಹೆಸರು ಮಾಡಿದ. ಅದಕ್ಕೂ ಒಂದು ವರ್ಷ ಮೊದಲೇ ವಿಲಿಯಂ ಸಾಮರ್ಸ್ ಎಂಬವನು ಅಟ್ಲಾಂಟಿಕ್ ಸಿಟಿಯ ಕಡಲ ದಂಡೆಯಲ್ಲಿ 50 ಅಡಿಯ ಮರದ ಚಕ್ರ ತಿರುಗಿಸುತ್ತಿದ್ದ. ಹೆಸರು ಉಕ್ಕಿಗೆ ಹೋಯಿತು. ನ್ಯೂಯಾರ್ಕಿನ ಪಕ್ಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಏರಿಳಿಯುವ ಹಳಿಗಳ ಬಂಡಿಯೊಂದನ್ನು ತೆರೆದ. ಐದು ಸೆಂಟಿಗೆ ಒಂದು ಸವಾರಿ, ವೇಗ ಗಂಟೆಗೆ 10 ಕಿಲೋಮೀಟರಿನ ಆಸುಪಾಸು. ಹೊರಟ ಬಸ್ಸಿನ ಹಿಂದೆ ಅಂಕೋಲೆಯ ನಿಲ್ದಾಣದಲ್ಲಿ ಜನ ಓಡುವುದು ಇದಕ್ಕಿಂತ ಜೋರು. ಹೆಂಡದಂಗಡಿಗೆ ಹೋಗುವವರನ್ನು ಒಳ್ಳೆಯ ದಾರಿಗೆ ತರಬೇಕು ಎನ್ನುವುದು ಧರ್ಮಭೀರು ಥಾಂಪ್ಸನ್ನನ ಆಸೆ. ಜನ ಇವನ ಬಂಡಿಗೂ ಬಂದರು, ಅಂಗಡಿಗೂ ಹೋದರು.

ಆ ಬಂಡಿ ಶುರುವಾಗುವುದಕ್ಕೆ ಒಂದು ವರ್ಷ ಹಿಂದಿನ ಕಾರವಾರ ಹೇಗಿತ್ತು? ಅದಕ್ಕೆ ಒಳ್ಳೆಯ ಸಾಕ್ಷಿಯೇ ಸಿಕ್ಕಿದ್ದಾರೆ. ಅಣ್ಣ ಸತ್ಯೇಂದ್ರನಾಥ ಟ್ಯಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. 1883ರ ಸುಮಾರಿಗೆ ಇಪ್ಪತ್ತೆರಡರ ತಮ್ಮ ರವೀಂದ್ರ ಬಂದು ಉಳಿದುಕೊಂಡರು. ಮುಂದೆ ಬರೆದ ನೆನಪುಗಳಲ್ಲಿ ಅರ್ಧಚಂದ್ರಾಕಾರದ ದಂಡೆ ಇದೆ, ಗಾಳಿಮರದ ತೋಪು ಇದೆ. ಆ ಗಾಳಿಮರಗಳೂ ಆಗ ಹೊಸಬರೇ; ಹೊರಗಿನಿಂದ ಬಂದ ಈ ಮರವನ್ನು ಇಲ್ಲಿ ನೆಡತೊಡಗಿದ್ದು 1868ರಲ್ಲಿ. ಒಂದು ಬೆಳುದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಸದಾಶಿವಗಡದ ಬಳಿ ಇಳಿದು, ರೈತನೊಬ್ಬನ ಮನೆಯ ಅಂಗಳದಲ್ಲಿ ಊಟ ಮಾಡಿ, ನದಿಮುಖದಿಂದ ಮರಳಿನ ಮೇಲೆ ನಡೆದು ಬಂದದ್ದನ್ನು ಅವರು ಬಣ್ಣಿಸಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಬರೆದದ್ದೂ ಇಲ್ಲೇ. ಅಂದರೆ ಕಾರವಾರದ ಮೊದಲ ಹೆಸರಾಂತ ಪ್ರವಾಸಿ ಒಂದು ಪೈಸೆಯ ಟಿಕೆಟನ್ನೂ ತೆಗೆಸದೆ ಅಷ್ಟೆಲ್ಲ ಸುಖಪಟ್ಟು ಹೋದರು. ಆ ಸುಖವನ್ನು ಎಲ್ಲರಿಗೂ ಹಂಚಬೇಕೆಂದು ದಂಡೆಗೆ ಅವರ ಹೆಸರಿಟ್ಟು, ಅಲ್ಲಿ ಸಂಗೀತ ಕಾರಂಜಿ ಕೂರಿಸಿದೆವು.

ಕೋನಿ ಐಲೆಂಡಿನ ಕತೆ ಓದುವಾಗ ನನಗೆ ಇಷ್ಟವಾಗುವವನು ಜಾರ್ಜ್ ಟಿಲ್ಯೂ. 1897ರಲ್ಲಿ ಅವನು ಕಟ್ಟಿದ ಸ್ಟೀಪಲ್‌ಚೇಸ್ ಪಾರ್ಕು 1907ರಲ್ಲಿ ಸುಟ್ಟುಹೋಯಿತು. ಮರುದಿನ ಅವನು ಗೇಟಿನಲ್ಲಿ ಬೋರ್ಡು ಹಾಕಿದ: ಇನ್ನೂ ಹೊಗೆಯಾಡುವ ಅವಶೇಷ ನೋಡಲು ಹತ್ತು ಸೆಂಟು. ಜನ ದುಡ್ಡು ಕೊಟ್ಟು ನೋಡಿದರು. ಪಕ್ಕದ ಲೂನಾ ಪಾರ್ಕು, ಡ್ರೀಮ್‌ಲ್ಯಾಂಡುಗಳೂ ಲಕ್ಷಗಟ್ಟಲೆ ವಿದ್ಯುದ್ದೀಪ ಹಚ್ಚಿಕೊಂಡು ಮೆರೆದವು. ಡ್ರೀಮ್‌ಲ್ಯಾಂಡು 1911ರಲ್ಲಿ ಬೆಂಕಿಗೆ ಹೋಯಿತು, ಲೂನಾ ಪಾರ್ಕು 1940ರ ದಶಕದಲ್ಲಿ. ಅವರದ್ದು ಮರ, ಬಣ್ಣ ಮತ್ತು ತಂತಿ, ಹಾಗಾಗಿ ಬೆಂಕಿ. ನಮ್ಮದು ಕಬ್ಬಿಣ ಮತ್ತು ಮಳೆ, ಹಾಗಾಗಿ ತುಕ್ಕು. ಬೆಂಕಿಯಾದರೆ ಒಂದು ರಾತ್ರಿಯಲ್ಲಿ ಮುಗಿಸಿ, ಮರುದಿನಕ್ಕೆ ಬೋರ್ಡು ಹಾಕಲು ಜಾಗ ಮಾಡಿಕೊಡುತ್ತದೆ. ತುಕ್ಕಿಗೆ ಆ ಸೌಜನ್ಯವಿಲ್ಲ. ಅದು ಟೆಂಡರು, ದುರಸ್ತಿ, ಮರುಟೆಂಡರುಗಳ ನಡುವೆ ನಿಧಾನವಾಗಿ ಊಟ ಮುಗಿಸುತ್ತದೆ.

ದೊಡ್ಡ ಪಾರ್ಕು ಇಲ್ಲಿಗೆ ಯಾಕೆ ಬರಲಿಲ್ಲ ಎನ್ನುವುದಕ್ಕೆ ಬೇರೆ ಕಾರಣಗಳೂ ಇವೆ. ನಮ್ಮಲ್ಲಿ ಗುಡ್ಡ ನಡೆದು ಬಂದು ಸಮುದ್ರಕ್ಕೆ ಕಾಲಿಡುತ್ತದೆ. ನಡುವೆ ಉಳಿದ ಪಟ್ಟಿಯಲ್ಲಿ ಹೆದ್ದಾರಿ, ರೈಲು, ಊರು, ಗದ್ದೆ ಎಲ್ಲ ಭುಜ ತಾಗಿಸಿಕೊಂಡು ನಿಂತಿವೆ. 1991ರಿಂದ ಕರಾವಳಿ ನಿಯಂತ್ರಣ ವಲಯದ ಕಾನೂನು ಬೇರೆ ಇದೆ; ಉಬ್ಬರದ ಗೆರೆಯ ಹತ್ತಿರ ಬೇಕಾದಂತೆ ಕಟ್ಟುವಂತಿಲ್ಲ. ಜನಸಂಖ್ಯೆಯೂ ಅಷ್ಟಕ್ಕಷ್ಟೆ. ಹಾಗಾಗಿ ನಮ್ಮ ಕಡೆಯ ಮಕ್ಕಳು ಮುಂಬಯಿಯ ಮಾವನ ಮನೆಗೆ ಹೋದಾಗ ಎಸ್ಸೆಲ್ ವರ್ಲ್ಡ್ ನೋಡಿದರು, ಬೆಂಗಳೂರಿನ ಅಕ್ಕನ ಮನೆಗೆ ಹೋದಾಗ ವಂಡರ್‌ಲಾ ನೋಡಿದರು. ವಂಡರ್‌ಲಾದಲ್ಲಿ ಕೃತಕ ಅಲೆಯ ಕೊಳವಿದೆ. ಅಲ್ಲಿಂದ ಬಂದ ನನ್ನ ತಂಗಿಯ ಮಗ, ಅಲ್ಲಿಯ ಅಲೆ ಹೊತ್ತಿಗೆ ಸರಿಯಾಗಿ ಬರುತ್ತದೆ, ನಮ್ಮಲ್ಲಿ ಹಾಗಿಲ್ಲ ಎಂದು ದೂರಿದ. ನದಿಭಾಗದ ದಂಡೆಯಲ್ಲಿ ಹುಟ್ಟಿ ಬೆಳೆದವನು!

ಹಾಗೆ ನೋಡಿದರೆ ಯಾವ ಎಂಜಿನಿಯರೂ ಮಾಡದ ಸವಾರಿಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಕಾಳಿಗೆ ಸೇತುವೆ ಬರುವ ತನಕ ಕೋಡಿಬಾಗದಿಂದ ಸದಾಶಿವಗಡಕ್ಕೆ ಲಾಂಚಿನಲ್ಲೇ ದಾಟಬೇಕು. ಅಂಕೋಲೆಯ ಮಂಜಗುಣಿಯಿಂದ ಗಂಗಾವಳಿಗೆ ಬಾರ್ಜು. ಬಾರ್ಜಿನ ಮೇಲೆ ಸೈಕಲ್ಲು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ ಒಟ್ಟಿಗೆ. ಮದುಮಗಳ ಜರಿ ಸೀರೆಗೂ ಬಂಗಡೆಯ ಬುಟ್ಟಿಗೂ ಗೇಣಿನ ಅಂತರ. ಸೇತುವೆ ಬಂದರೆ ಅನುಕೂಲ, ಅದನ್ನು ಬೇಡವೆನ್ನುವವನು ಮೂರ್ಖ. ಆದರೆ ಸೇತುವೆಯ ಮೇಲೆ ಯಾವ ಮದುಮಗಳೂ ಮೀನಿನವಳ ಜತೆ ಜಗಳ ಆಡಿದ ಕತೆ ಹುಟ್ಟುವುದಿಲ್ಲ.

ಜನವರಿಯ ಹೊತ್ತಿಗೆ ಕುರುಮಗಡದ ನರಸಿಂಹ ದೇವರ ಜಾತ್ರೆ. ಜಾತ್ರೆ ದ್ವೀಪದ ಮೇಲೆ, ಹಾಗಾಗಿ ಊರಿಗೆ ಊರೇ ಮೀನುಗಾರಿಕೆಯ ದೋಣಿ ಹತ್ತುತ್ತದೆ. ವರ್ಷವಿಡೀ ಬಲೆ ಹೊತ್ತ ದೋಣಿಗಳು ಆ ದಿನ ತೊಳೆದು, ಹೂ ಮುಡಿದು, ಹೆಂಗಸರು ಮಕ್ಕಳನ್ನು ಹೊತ್ತು ಹೋಗುತ್ತವೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ಒಂದು ದೋಣಿ ಮಗುಚಿ 16 ಜನ ತೀರಿಕೊಂಡರು. ಈಗ ಜಾತ್ರೆಯ ದೋಣಿಯಲ್ಲಿ ಲೈಫ್ ಜಾಕೆಟ್ಟು ಕಟ್ಟಿಕೊಂಡೇ ಕೂರುತ್ತಾರೆ.

ಕಾಸು ಕೊಡದೆ ನೋಡಬಹುದಾದ ಇನ್ನೊಂದು ಆಟ ಏಂಡಿ ಬಲೆ ಎಳೆಯುವುದು. ದೋಣಿಯಲ್ಲಿ ಒಯ್ದು ಅರ್ಧ ಸುತ್ತು ಬಿಟ್ಟ ಬಲೆಯ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಸಾಲು ಜನ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಎಳೆಯುತ್ತಾರೆ. ಇದನ್ನು ಕಂಡ ಹುಬ್ಬಳ್ಳಿ ಬೆಳಗಾವಿಯ ಪ್ರವಾಸಿಗರಿಗೆ ಕೈ ತುರಿಸುತ್ತದೆ. ಒಬ್ಬ ಹಗ್ಗ ಹಿಡಿಯುತ್ತಾನೆ, ಇನ್ನೊಬ್ಬ ಫೋಟೋ ತೆಗೆಯುತ್ತಾನೆ. ಎಳೆಯುವವರು ಬೇಡವೆನ್ನುವುದಿಲ್ಲ. ಭಾರದಲ್ಲಿ ಇವರು ಕಡಿಮೆ ಮಾಡಿದ್ದೆಷ್ಟು, ಹೆಚ್ಚು ಮಾಡಿದ್ದೆಷ್ಟು ಎಂದು ಅವರಿಗೆ ಗೊತ್ತಿದ್ದರೂ ಮುಖದಲ್ಲಿ ತೋರಿಸುವುದಿಲ್ಲ. ಬಲೆಯ ಹೊಟ್ಟೆ ಮರಳಿಗೆ ಬಂದಾಗ ಮಾತ್ರ ಎಲ್ಲ ಒಂದೇ. ತಾರ್ಲೆ, ಸೀಗಡಿ, ಒಂದೆರಡು ಏಡಿ, ಯಾರದ್ದೋ ಚಪ್ಪಲಿ. ಏಡಿ ಕಂಡು ಪ್ರವಾಸಿಗರು ಕೂಗುತ್ತಾರೆ. ಚಪ್ಪಲಿ ಕಂಡು ನಮ್ಮವರು ನಗುತ್ತಾರೆ.

ಈಗಿನ ದಂಡೆಯ ದೊಡ್ಡ ಆಕರ್ಷಣೆ ಮಾತ್ರ ನೌಕಾಪಡೆಯದ್ದು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಬಿಣಗಾದ ಆಚೆ ಅರಗಾದಿಂದ ಅಂಕೋಲೆಯ ಕಡೆಗೆ ಒಂದಾದ ಮೇಲೊಂದು ದಂಡೆಗಳು ಬೇಲಿಯೊಳಗೆ ಹೋದವು, ಅಲ್ಲಿಯ ಜನ ಮನೆ, ತೆಂಗು, ದೇವರನ್ನು ಎತ್ತಿಕೊಂಡು ಹೊರಗೆ ಬಂದರು. ಅಂಜುದೀವಿಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರಿಗೂ ದಾರಿ ಮುಚ್ಚಿತು. ದೇಶಕ್ಕೆ ನೆಲೆ ಬೇಕು, ಯಾರೂ ಅಲ್ಲವೆನ್ನಲಾರರು. ಅಷ್ಟೊಂದು ದಂಡೆ ಪಡೆದುಕೊಂಡ ನೌಕಾಪಡೆಯಿಂದ ಊರಿಗೆ ಬಂದ ಉಡುಗೊರೆಗಳು ಎರಡು: ಒಂದು ಹಡಗು, ಒಂದು ವಿಮಾನ. ಎರಡೂ ನಿವೃತ್ತರು.

ಯುದ್ಧದ ಸಾಮಾನು ಕೊನೆಗೆ ಆಟದ ಸಾಮಾನಾಗುವುದು ಹೊಸದೇನಲ್ಲ. ಮೆಷಿನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ಸಾಹೇಬ ವಿಮಾನ ಹಾರಿಸಲು ಹೋಗಿ ಕೈ ಸುಟ್ಟುಕೊಂಡ ಮೇಲೆ, ಕಂಬಕ್ಕೆ ಕಟ್ಟಿದ ದೋಣಿಗಳನ್ನು ಗಾಳಿಯಲ್ಲಿ ಸುತ್ತಿಸುವ ಯಂತ್ರ ಮಾಡಿದ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕಡಲ ತೀರದಲ್ಲಿ 1904ರಲ್ಲಿ ಕೂರಿಸಿದ್ದು ಈಗಲೂ ತಿರುಗುತ್ತಿದೆ. ನಮ್ಮ ತುಪೊಲೆವ್ 142 ವಿಮಾನದ್ದು ಇನ್ನೂ ದೊಡ್ಡ ಪ್ರಯಾಣ. ಸುಮಾರು 53 ಮೀಟರ್ ಉದ್ದದ ಈ ಜಾತಿಯ ವಿಮಾನಗಳು ಸೋವಿಯತ್ ರಷ್ಯಾದಿಂದ 1988ರಲ್ಲಿ ಇಲ್ಲೇ ಪಕ್ಕದ ಗೋವೆಯ ದಾಬೋಳಿಗೆ ಬಂದಿಳಿದವು, ಆಮೇಲೆ ತಮಿಳುನಾಡಿನ ಅರಕ್ಕೋಣಂಗೆ ಹೋದವು. ಇಡೀ ಹಿಂದೂ ಮಹಾಸಾಗರದ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕಿ, 2017ರಲ್ಲಿ ನಿವೃತ್ತಿಯಾದವು. ಅವುಗಳಲ್ಲೊಂದು ಕಾರವಾರಕ್ಕೆ ಬಂದದ್ದು ಹಾರಿಕೊಂಡಲ್ಲ. ಬಿಚ್ಚಿ, ತುಂಡು ಮಾಡಿ, ಲಾರಿಗಳ ಮೇಲೆ ಹೇರಿ, ಇಲ್ಲಿ ಮತ್ತೆ ಜೋಡಿಸಿದರು. ಜಾತ್ರೆಯ ತೊಟ್ಟಿಲಿನವನು ಅಲ್ಲಿದ್ದಿದ್ದರೆ ಬೋಲ್ಟುಗಳನ್ನು ನೋಡಿ ಒಂದೆರಡು ಸಲಹೆ ಕೊಡುತ್ತಿದ್ದನೋ ಏನೋ.

ಹಡಗಿನ ಹೆಸರು ಚಪಲ್. ಅದೂ ಸೋವಿಯತ್ ಕಟ್ಟಾಣಿಕೆಯ ಕ್ಷಿಪಣಿ ದೋಣಿ. 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ, ಅಂದರೆ ಇಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ವರ್ಷವೇ, ಸೇವೆ ಮುಗಿಸಿತು. ಈಗ ಮರಳಿನ ಪಕ್ಕದಲ್ಲಿ ಕಾಂಕ್ರೀಟಿನ ಮೇಲೆ ನಿಂತಿದೆ. ಒಳಗೆ ಕ್ಯಾಪ್ಟನ್, ಡಾಕ್ಟರ್, ನಾವಿಕರು ಎಲ್ಲ ಗೊಂಬೆಗಳಾಗಿ ತಮ್ಮ ತಮ್ಮ ಕೆಲಸದಲ್ಲಿದ್ದಾರೆ. ಸಣ್ಣ ಬಾಗಿಲು, ಇಕ್ಕಟ್ಟಿನ ಏಣಿ, ತಲೆಗೆ ತಾಗುವ ಕೊಳವೆ. ಇಡಗುಂಜಿಯ ಹರಕೆ ತೀರಿಸಿದ ಮೇಲೆ, ನೆಲ ಬಿಟ್ಟು ಮೇಲೇಳುವ ಯಾವುದನ್ನೂ ಹತ್ತುವುದಿಲ್ಲ ಎಂದಿದ್ದ ಅತ್ತೆಯನ್ನು ಅಲ್ಲಿಗೆ ಕರೆದೊಯ್ದೆ. ಇದು ಅಲ್ಲಾಡುವುದಿಲ್ಲ ಎಂದು ಎಷ್ಟು ಹೇಳಿದರೂ ನಂಬದೆ, ಕಂಬಿ ಹಿಡಿದೇ ಒಳಗೆ ಬಂದರು. ಒಂದು ಗೊಂಬೆಯನ್ನು ಜನವೆಂದೇ ತಿಳಿದು, ವಾರದ ಸಂತೆಯಲ್ಲಿ ಕಂಡವರನ್ನು ಮಾತಾಡಿಸುವ ದನಿಯಲ್ಲಿ ಯಾವೂರು ಎಂದು ಕೇಳಿದರು. ಅದು ಉತ್ತರ ಕೊಡದಿದ್ದುದಕ್ಕೆ ಸ್ವಲ್ಪ ಬೇಸರವಾಯಿತು. ಎಲ್ಲ ನೋಡಿ ಮುಗಿಸಿ, ಮೇಲಿನ ಅಟ್ಟಕ್ಕೆ ಬಂದು, ನೆರಳಿನಲ್ಲಿ ಸೆರಗು ಬೀಸಿಕೊಳ್ಳುತ್ತ ಬಹಳ ಹೊತ್ತು ನಿಂತರು. ಹೊರಡೋಣ ಎಂದರೆ ಅಲ್ಲಾಡಲಿಲ್ಲ. ಆಮೇಲೆ ಕಾವಲಿನವನನ್ನು ಕರೆದು ಕೇಳಿದರು:

“ಇದು ಎಷ್ಟೊತ್ತಿಗೆ ಬಿಡ್ತದೆ?”

“ಇದು ಬಿಡುದಿಲ್ಲ ಅಮ್ಮಾ, ಇಲ್ಲೇ ಇರುದು.”

ಅತ್ತೆ ಕೈಯಲ್ಲಿದ್ದ ಟಿಕೆಟನ್ನು ಮುಂದೆ ಹಿಡಿದರು.

“ಹಂಗಾರೆ ಇದು ಎಂತಕ್ಕೆ?”